ಎಲ್ಲರಿಗೂ ಜಾಗವಿರುವ ಸಮ್ಮೇಳನ: ಆಯೋಜಕರಿಗೊಂದು ಸಮಗ್ರ ಮಾರ್ಗದರ್ಶಿ

ಸಮ್ಮೇಳನವಿರಲಿ, ಕಾರ್ಯಾಗಾರವಿರಲಿ, ವೃತ್ತಿಪರ ಕಾರ್ಯಕ್ರಮವೊಂದಕ್ಕೆ ಯಾರು ಬರಬಲ್ಲರು, ಯಾರು ಬರಲಾರರು ಎಂಬುದು ಉದ್ಘಾಟನೆಯ ದಿನ ತೀರ್ಮಾನವಾಗುವುದಿಲ್ಲ. ಸಭಾಂಗಣದ ಕರಾರಿಗೆ ಸಹಿ ಹಾಕಿದ ದಿನ, ಬಜೆಟ್ ಅಂತಿಮವಾದ ದಿನ, ನೋಂದಣಿ ಫಾರಂ ಬರೆದ ದಿನವೇ ಅದು ತೀರ್ಮಾನವಾಗಿರುತ್ತದೆ. ಮೆಟ್ಟಿಲು ಹತ್ತಿಯೇ ಹೋಗಬೇಕಾದ ವೇದಿಕೆಯನ್ನು ಗೊತ್ತುಮಾಡಿ, ವೀಲ್‌ಚೇರ್‌ನಲ್ಲಿ ಬಂದ ಭಾಷಣಕಾರರಿಗೆ "ನಾಲ್ಕು ಜನ ಸೇರಿ ಎತ್ತುತ್ತೇವೆ, ಚಿಂತೆ ಬೇಡ" ಎನ್ನುವುದು ಉಪಾಯವಲ್ಲ, ಅವಮಾನ. ಕೈ ಜಾರಿದರೆ ಅಪಾಯವೂ ಹೌದು.

ಆದ್ದರಿಂದ ಈ ಮಾರ್ಗದರ್ಶಿ ಕಾರ್ಯಕ್ರಮಕ್ಕೆ ಇನ್ನೂ ಆರು ತಿಂಗಳು ಇದೆ ಎನ್ನುವಲ್ಲಿಂದ ಶುರುವಾಗುತ್ತದೆ. ನೂರರಿಂದ ಮುನ್ನೂರು ಜನ ಸೇರುವ, ಒಂದೆರಡು ದಿನದ ಕಾರ್ಯಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಕೊಟ್ಟಿದ್ದೇವೆ. ಕಾರ್ಯಕ್ರಮ ಚಿಕ್ಕದಾದರೆ ಜನರ ಸಂಖ್ಯೆ ಕಡಿಮೆ ಮಾಡಿಕೊಳ್ಳಿ. ಬಾಗಿಲು, ರ‍್ಯಾಂಪಿನ ಅಳತೆಗಳು ಮಾತ್ರ ಹತ್ತು ಜನರ ಸಭೆಗೂ ಅವೇ.

ಹೊಣೆ ಮತ್ತು ಹಣ (6 ತಿಂಗಳು ಮೊದಲು)

"ಎಲ್ಲರೂ ನೋಡಿಕೊಳ್ಳೋಣ" ಎಂದು ಸಭೆಯಲ್ಲಿ ಒಪ್ಪಿಕೊಂಡ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಸೌಲಭ್ಯಗಳ ಹೊಣೆಗೆ ಒಬ್ಬರು, ಸುರಕ್ಷತೆ ಮತ್ತು ದೂರುಗಳ ಹೊಣೆಗೆ ಇನ್ನೊಬ್ಬರು, ಹೀಗೆ ಇಬ್ಬರ ಹೆಸರು ಬರೆದಿಡಿ. ಒಂದು ಮಿತಿಯವರೆಗೆ ಯಾರನ್ನೂ ಕೇಳದೆ ಖರ್ಚು ಮಾಡುವ ಅಧಿಕಾರ ಅವರಿಗಿರಲಿ. ಕಾರ್ಯಕ್ರಮದ ದಿನ ಬೆಳಿಗ್ಗೆ ಬಾಡಿಗೆ ರ‍್ಯಾಂಪ್ ತರಿಸಬೇಕಾಗಿ ಬಂದಾಗ ಖಜಾಂಚಿಯ ಫೋನ್ ಸ್ವಿಚ್ ಆಫ್ ಆಗಿರುವುದು ಹೊಸತೇನಲ್ಲ.

ಒಟ್ಟು ಬಜೆಟ್‌ನಲ್ಲಿ ಶೇ. 5ರಿಂದ 10ರಷ್ಟನ್ನು ಪ್ರತ್ಯೇಕ ತಲೆಬರಹದಡಿ ತೆಗೆದಿಡಿ. ಇದರಲ್ಲಿ ದೊಡ್ಡ ಪಾಲು ನುಂಗುವುದು ಮೂರು: ಮಾತನ್ನು ಅಲ್ಲಲ್ಲೇ ಟೈಪಿಸುವ ಕ್ಯಾಪ್ಶನ್ ಸೇವೆ, ಸಂಜ್ಞಾ ಭಾಷೆಯ ದುಭಾಷಿಗಳು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. ಉಳಿದದ್ದರಲ್ಲಿ ಬಹುಪಾಲು ಕೆಲಸಕ್ಕೆ ದುಡ್ಡು ಬೇಡ, ಮುಂಚಿತವಾಗಿ ಯೋಚಿಸಿದರೆ ಸಾಕು. "ಇತರೆ ಖರ್ಚು" ಎಂಬ ಸಾಲಿನೊಳಗೆ ಇದನ್ನು ಸೇರಿಸಬೇಡಿ. ಪ್ರಾಯೋಜಕರು ಕೈಕೊಟ್ಟಾಗ ಮೊದಲು ಕತ್ತರಿ ಬೀಳುವುದು ಆ ಸಾಲಿಗೇ.

ದಿನಾಂಕ ಗೊತ್ತುಮಾಡುವ ಮುನ್ನ ಒಂದೇ ಧರ್ಮದ ಕ್ಯಾಲೆಂಡರ್ ನೋಡಿ ಸುಮ್ಮನಾಗಬೇಡಿ. ಬರುವವರಲ್ಲಿ ಯಾರ ಯಾರ ದೊಡ್ಡ ಹಬ್ಬ, ಉಪವಾಸದ ತಿಂಗಳು, ಶಾಲಾ ಪರೀಕ್ಷೆ ಆ ವಾರಕ್ಕೆ ಬೀಳುತ್ತದೆ ನೋಡಿ.

ಸಭಾಂಗಣಕ್ಕೆ ಟೇಪು ಹಿಡಿದೇ ಹೋಗಿ

"ನಿಮ್ಮಲ್ಲಿ ವೀಲ್‌ಚೇರ್ ಹೋಗುತ್ತದೆಯೇ?" ಎಂದು ಫೋನಿನಲ್ಲಿ ಕೇಳಿದರೆ ಯಾವ ವ್ಯವಸ್ಥಾಪಕರೂ ಇಲ್ಲ ಎನ್ನುವುದಿಲ್ಲ. ಅವರದು ಸುಳ್ಳೆಂದಲ್ಲ, ಬಾಗಿಲಿನ ಆ ಎರಡು ಮೆಟ್ಟಿಲನ್ನು ದಿನಾ ಹತ್ತಿಳಿಯುವವರ ಕಣ್ಣಿಗೆ ಅವು ಮೆಟ್ಟಿಲೆಂದೇ ಕಾಣುವುದಿಲ್ಲ. ಅಳತೆ ಟೇಪು, ಕ್ಯಾಮೆರಾ, ಸಾಧ್ಯವಾದರೆ ಒಂದು ಬಾಡಿಗೆ ವೀಲ್‌ಚೇರ್ ತೆಗೆದುಕೊಂಡು ನೀವೇ ಹೋಗಿ. ವೀಲ್‌ಚೇರ್ ಬಳಸುವವರನ್ನೇ ಸಲಹೆಗಾರರಾಗಿ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಆದರೆ ಅವರ ಸಮಯಕ್ಕೆ ಸಂಭಾವನೆ ಕೊಡಿ.

ವಾಹನ ಇಳಿಯುವ ಜಾಗದಿಂದ ನಡೆಯಲು ಶುರುಮಾಡಿ. ಅಲ್ಲಿಂದ ನೋಂದಣಿ ಮೇಜು, ಆಸನ, ವೇದಿಕೆ, ಶೌಚಾಲಯ, ಊಟದ ಜಾಗ, ತುರ್ತು ನಿರ್ಗಮನದವರೆಗೆ ಇಡೀ ದಾರಿಯನ್ನು ಅಳೆಯಿರಿ. ನಡುವೆ ಎಲ್ಲಾದರೂ ಒಂದೇ ಒಂದು ಕಡೆ ಅಡ್ಡಿಯಿದ್ದರೂ ಉಳಿದ ಸೌಲಭ್ಯ ಇದ್ದೂ ಇಲ್ಲದಂತೆ.

ಬಾಗಿಲು: ಪೂರ್ತಿ ತೆರೆದಾಗ ಸಿಗುವ ಖಾಲಿ ಅಗಲ ಕನಿಷ್ಠ 81.5 ಸೆಂ.ಮೀ. ಇರಬೇಕು. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ತಪ್ಪುತ್ತದೆ, ಏಕೆಂದರೆ ತೆರೆದ ಬಾಗಿಲಿನ ದಪ್ಪವೂ ಜಾಗ ತಿನ್ನುತ್ತದೆ. ಜೋಡಿ ಬಾಗಿಲಿದ್ದರೆ ಒಂದು ರೆಕ್ಕೆಗೆ ಕಾಯಂ ಅಗುಳಿ ಹಾಕಿರುತ್ತಾರೆಯೇ ಎಂದು ನೋಡಿ.

ರ‍್ಯಾಂಪ್: ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದ. 60 ಸೆಂ.ಮೀ. ಎತ್ತರದ ವೇದಿಕೆಗೆ 7.2 ಮೀಟರ್ ರ‍್ಯಾಂಪ್ ಬೇಕು. ಹೆಚ್ಚಿನವರು ಎಡವುವುದೇ ಇಲ್ಲಿ: ಎರಡು ಮೀಟರ್ ಹಲಗೆ ಒರಗಿಸಿ "ರ‍್ಯಾಂಪ್ ಇದೆ" ಎಂದುಬಿಡುತ್ತಾರೆ. ಅದರಲ್ಲಿ ಹತ್ತಿದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಏರಿಕೆ 76 ಸೆಂ.ಮೀ. ದಾಟಿದರೆ ನಡುವೆ ಒಂದೂವರೆ ಮೀಟರ್ ಉದ್ದದ ಸಮತಟ್ಟು ಜಾಗ ಬೇಕು. ಎರಡೂ ಬದಿಯಲ್ಲಿ ಹಿಡಿಕಂಬಿ, ಚಕ್ರ ಜಾರದಂತೆ ಅಂಚುಪಟ್ಟಿ ಇರಬೇಕು. ಅಷ್ಟು ಉದ್ದಕ್ಕೆ ಜಾಗವಿಲ್ಲವೇ? ವೇದಿಕೆಯನ್ನೇ ಬಿಟ್ಟು ಎಲ್ಲ ಭಾಷಣಕಾರರನ್ನೂ ನೆಲಮಟ್ಟದಲ್ಲೇ ಮಾತಾಡಿಸಿ, ಕ್ಯಾಮೆರಾದಿಂದ ಪರದೆಗೆ ಚಿತ್ರ ಕೊಡಿ. ಒಬ್ಬರನ್ನು ಮಾತ್ರ ಕೆಳಗೆ ನಿಲ್ಲಿಸಿ ಉಳಿದವರನ್ನು ಮೇಲೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಶೌಚಾಲಯ: "ಅಂಗವಿಕಲರಿಗೆ" ಎಂದು ಫಲಕವಿರುವ ಕೋಣೆಯ ಬಾಗಿಲು ತೆರೆಸಿ ನೋಡಿ. ಮುರಿದ ಕುರ್ಚಿ, ಪೊರಕೆ, ಬಕೆಟ್ ತುಂಬಿರುವ ಸಾಧ್ಯತೆಯೇ ಹೆಚ್ಚು. ಒಳಗೆ ಕುರ್ಚಿ ತಿರುಗಿಸಲು 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು, ಪಕ್ಕದಲ್ಲಿ ಗಟ್ಟಿ ಹಿಡಿಕಂಬಿ ಬೇಕು. ಹಿಡಿಕಂಬಿಯನ್ನು ಮೈಭಾರ ಹಾಕಿ ಎಳೆದು ಪರೀಕ್ಷಿಸಿ. ಬೀಗದ ಕೈ ಯಾರ ಬಳಿ ಇರುತ್ತದೆ ಎಂದೂ ಕೇಳಿ.

ಲಿಫ್ಟ್: ಸಾಮಾನು ಸಾಗಿಸುವ ಲಿಫ್ಟ್ ಲೆಕ್ಕಕ್ಕಿಲ್ಲ. ರಾತ್ರಿ ಊಟ ಮುಗಿಯುವ ಹೊತ್ತಿಗೂ ಲಿಫ್ಟ್ ಚಾಲೂ ಇರುತ್ತದೆಯೇ, ಕರೆಂಟು ಹೋದರೆ ಜನರೇಟರ್‌ಗೆ ಅದು ಜೋಡಣೆಯಾಗಿದೆಯೇ ನೋಡಿ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ, ಮಹಡಿಯ ಮೇಲೆ ಕಾರ್ಯಕ್ರಮವಿದ್ದರೆ ಮೆಟ್ಟಿಲಿಳಿಯಲಾಗದವರು ಕಾಯುವ ಸುರಕ್ಷಿತ ಜಾಗ ಯಾವುದು, ಅವರನ್ನು ಇಳಿಸುವ ಕುರ್ಚಿ ಇದೆಯೇ, ಅದನ್ನು ಬಳಸಲು ಯಾರಿಗೆ ಬರುತ್ತದೆ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ನೆಲಮಹಡಿಯ ಬೇರೆ ಜಾಗ ಹುಡುಕಿ. ಕಿವಿ ಕೇಳದವರಿಗಾಗಿ ಎಚ್ಚರಿಕೆ ಗಂಟೆಯ ಜೊತೆ ಮಿನುಗುವ ದೀಪವೂ ಇರಬೇಕು.

ಆಸನ: ಸಾಲುಗಳ ನಡುವಿನ ದಾರಿ 90 ಸೆಂ.ಮೀ.ಗೆ ಕಡಿಮೆಯಾಗದಿರಲಿ. ಮುಂದೆ, ನಡುವೆ, ಹಿಂದೆ, ಮೂರೂ ಕಡೆ ಒಂದೆರಡು ಕುರ್ಚಿ ತೆಗೆಸಿ ಸುಮಾರು 90 × 130 ಸೆಂ.ಮೀ. ಜಾಗ ಬಿಡಿಸಿ, ಪಕ್ಕದಲ್ಲೇ ಜೊತೆಗಾರರಿಗೊಂದು ಕುರ್ಚಿ ಉಳಿಸಿ. ವೀಲ್‌ಚೇರ್ ಎಂದರೆ ಕೊನೆಯ ಸಾಲಿನ ಮೂಲೆ ಎಂಬ ಅಭ್ಯಾಸ ಬಿಡಬೇಕು. ನೋಂದಣಿ ಮೇಜಿನ ಒಂದು ಭಾಗವಾದರೂ 86 ಸೆಂ.ಮೀ.ಗಿಂತ ಎತ್ತರವಿರದಿರಲಿ.

ಗಾಳಿ: ಕಿಕ್ಕಿರಿದ ಕೋಣೆಯಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಮಾಪಕ ಇಟ್ಟು ನೋಡಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಇರುತ್ತದೆ. ಒಳಗೆ 800ರ ಆಸುಪಾಸಿನಲ್ಲಿದ್ದರೆ ಪರವಾಗಿಲ್ಲ. ಅದಕ್ಕಿಂತ ತೀರಾ ಮೇಲೇರಿದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂದೇ ಅರ್ಥ. ಕಿಟಕಿ ತೆರೆಸಿ, ಇಲ್ಲವೇ ಕೋಣೆಗೆ ಬಿಡುವ ಜನರನ್ನು ಕಡಿಮೆ ಮಾಡಿ.

ಇಷ್ಟಾದ ಮೇಲೆ ಲಿಫ್ಟ್, ಶೌಚಾಲಯ, ರ‍್ಯಾಂಪ್ ಮೂರೂ ಆ ದಿನ ಬಳಕೆಗೆ ಸಿದ್ಧವಿರಬೇಕು, ಇಲ್ಲದಿದ್ದರೆ ಬಾಡಿಗೆಯಲ್ಲಿ ಕಡಿತ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ. ಬಾಯಿಮಾತಿನ ಭರವಸೆ ವ್ಯವಸ್ಥಾಪಕರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ. ತೆಗೆದ ಫೋಟೋ, ಅಳತೆ, ಶೌಚಾಲಯ ಎಷ್ಟು ದೂರ ಎಂಬುದನ್ನೆಲ್ಲ ಕಾರ್ಯಕ್ರಮದ ಜಾಲತಾಣದಲ್ಲಿ ಇದ್ದದ್ದು ಇದ್ದ ಹಾಗೆ ಹಾಕಿ. ಕೊರತೆಯನ್ನೂ ಬರೆಯಿರಿ. "ಎರಡನೇ ಕೋಣೆಗೆ ಒಂದು ಮೆಟ್ಟಿಲಿದೆ, 12 ಸೆಂ.ಮೀ. ಎತ್ತರ" ಎಂದು ಮೊದಲೇ ತಿಳಿದವರು ತಮ್ಮ ತೀರ್ಮಾನ ತಾವೇ ಮಾಡಿಕೊಳ್ಳುತ್ತಾರೆ.

ನೋಂದಣಿ ಫಾರಂ

ಹೆಸರಿಗೆ ಒಂದೇ ಖಾನೆ ಸಾಕು. ಮೊದಲ ಹೆಸರು, ಕೊನೆಯ ಹೆಸರು ಎಂದು ಕಡ್ಡಾಯ ಮಾಡಿದರೆ ಒಂದೇ ಹೆಸರಿರುವವರು ಚುಕ್ಕಿ ಹಾಕಿ ಮುಂದೆ ಹೋಗಬೇಕಾಗುತ್ತದೆ. "ಬ್ಯಾಡ್ಜ್ ಮೇಲೆ ಏನೆಂದು ಬರೆಯಬೇಕು?" ಎಂದು ಬೇರೆಯಾಗಿ ಕೇಳಿ, ದಾಖಲೆಯ ಹೆಸರೇ ಅಲ್ಲಿ ಬರಬೇಕೆಂದೇನಿಲ್ಲ. ಲಿಂಗದ ಮಾಹಿತಿ ನಿಜವಾಗಿ ಬೇಕಿದ್ದರೆ ಮಾತ್ರ ಕೇಳಿ, "ಹೇಳಲು ಇಷ್ಟವಿಲ್ಲ" ಎಂಬ ಆಯ್ಕೆ ಕೊಡಿ.

ಅಂಗವೈಕಲ್ಯದ ಹೆಸರು ಕೇಳಬೇಡಿ, ಏನು ಬೇಕೆಂದು ಕೇಳಿ. "ನೀವು ಕಾರ್ಯಕ್ರಮದಲ್ಲಿ ಪೂರ್ತಿಯಾಗಿ ಪಾಲ್ಗೊಳ್ಳಲು ನಾವೇನು ಏರ್ಪಾಡು ಮಾಡಬೇಕು?" ಎಂಬ ತೆರೆದ ಪ್ರಶ್ನೆ, ಕೆಳಗೆ ಉದಾಹರಣೆಗಳು: ಕ್ಯಾಪ್ಶನ್, ಸಂಜ್ಞಾ ಭಾಷೆ (ಯಾವುದು ಎಂದೂ ಬರೆಯಿರಿ), ಮುಂದಿನ ಸಾಲು, ದೊಡ್ಡಕ್ಷರದ ಪ್ರತಿ, ಸಹಾಯಕರಿಗೆ ಉಚಿತ ಪ್ರವೇಶ, ಔಷಧಿ ಇಡಲು ಫ್ರಿಜ್. ಯಾವ ದಿನಾಂಕದೊಳಗೆ ಹೇಳಿದರೆ ಖಂಡಿತ ಮಾಡುತ್ತೇವೆ, ತಡವಾದರೆ ಪ್ರಯತ್ನಿಸುತ್ತೇವೆ ಎಂಬುದನ್ನೂ ಅಲ್ಲೇ ತಿಳಿಸಿ. ಉತ್ತರ ಯಾರು ಓದುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ಬರೆಯಿರಿ. ಕೇಳಿದವರಿಗೆ ಒಂದು ವಾರದೊಳಗೆ ಉತ್ತರ ಹೋಗಲೇಬೇಕು, "ಆಗುವುದಿಲ್ಲ" ಎಂಬ ಉತ್ತರವಾದರೂ ಸರಿ.

ನೀತಿ ಸಂಹಿತೆ: ಏನಿರಬೇಕು

"ಎಲ್ಲರೂ ಪರಸ್ಪರ ಗೌರವದಿಂದ ನಡೆದುಕೊಳ್ಳತಕ್ಕದ್ದು" ಎಂದಷ್ಟೇ ಬರೆದ ಸಂಹಿತೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಗೌರವ ಎಂದರೇನು ಎಂಬ ಬಗ್ಗೆ ಕಿರುಕುಳ ಕೊಟ್ಟವರಿಗೂ ತಮ್ಮದೇ ಅಭಿಪ್ರಾಯವಿರುತ್ತದೆ. ಯಾವುದು ಕೂಡದು ಎಂಬುದನ್ನು ಹೆಸರಿಟ್ಟು ಹೇಳಿ: ಒಪ್ಪಿಗೆಯಿಲ್ಲದೆ ಮೈಮುಟ್ಟುವುದು, ಬೇಡವೆಂದ ಮೇಲೂ ಬೆನ್ನು ಹತ್ತುವುದು, ಸಂದೇಶ ಕಳಿಸುವುದು, ಲಿಂಗ, ಲೈಂಗಿಕ ಒಲವು, ಜಾತಿ, ಜನಾಂಗ, ಧರ್ಮ, ದೇಹ, ವಯಸ್ಸು, ಅಂಗವೈಕಲ್ಯ ಕುರಿತ ಹೀಯಾಳಿಕೆ ("ತಮಾಷೆಗೆ" ಅಂದದ್ದೂ ಸೇರಿ), ಸ್ಲೈಡುಗಳಲ್ಲಿ ಲೈಂಗಿಕ ಚಿತ್ರ, ಬೇಡವೆಂದವರ ಫೋಟೋ ತೆಗೆಯುವುದು, ಭಾಷಣಕ್ಕೆ ಮತ್ತೆ ಮತ್ತೆ ಅಡ್ಡಿಪಡಿಸುವುದು, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದು.

ಆಮೇಲೆ ವ್ಯಾಪ್ತಿ. ಸಭಾಂಗಣದ ಒಳಗೆ ಮಾತ್ರ ಎಂದು ಬರೆದರೆ ಅರ್ಧಕ್ಕರ್ಧ ಘಟನೆ ಹೊರಗುಳಿಯುತ್ತವೆ. ರಾತ್ರಿಯ ಊಟ, ಹೋಟೆಲ್ ಪಡಸಾಲೆ, ಕಾರ್ಯಕ್ರಮದ ಬಸ್ಸು, ಚಾಟ್ ಗುಂಪು ಎಲ್ಲವೂ ಸೇರಬೇಕು. ಇದೇನೂ ಅತಿರೇಕವಲ್ಲ. ಕೆಲಸದ ಜಗತ್ತಿನಲ್ಲಿ ಹಿಂಸೆ ಮತ್ತು ಕಿರುಕುಳದ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ಕೂಡ ಕೆಲಸಕ್ಕೆ ಸಂಬಂಧಿಸಿದ ಪ್ರಯಾಣ, ತರಬೇತಿ, ಕಾರ್ಯಕ್ರಮ, ಸಾಮಾಜಿಕ ಕೂಟಗಳನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ನಿಮ್ಮ ದೇಶದ ಕಾನೂನಿನ ಪ್ರಕಾರ ಆಯೋಜಕರ ಹೊಣೆ ಏನೆಂದು ವಕೀಲರೊಬ್ಬರಲ್ಲಿ ಒಮ್ಮೆ ಕೇಳಿಕೊಳ್ಳಿ.

ಸಂಹಿತೆ ಮುಖ್ಯ ಅತಿಥಿಗೂ, ಪ್ರಾಯೋಜಕರಿಗೂ, ಮಳಿಗೆ ಹಾಕಿದವರಿಗೂ, ಸ್ವಯಂಸೇವಕರಿಗೂ, ಆಯೋಜಕರಿಗೂ ಒಂದೇ ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರಾಯೋಜಕತ್ವದ ಒಪ್ಪಂದದಲ್ಲೂ ಅದರ ಸಾಲು ಇರಲಿ: ಉಲ್ಲಂಘಿಸಿದರೆ ಹಣ ವಾಪಸಿಲ್ಲ. ಕೊನೆಗೆ ದೂರು ಕೊಡುವ ದಾರಿ ಮತ್ತು ಏನೇನು ಕ್ರಮ ಸಾಧ್ಯ ಎಂಬ ಪಟ್ಟಿ. ಒಟ್ಟು ಎರಡು ಪುಟ ಮೀರಬೇಡಿ, ಮೀರಿದರೆ ಯಾರೂ ಓದುವುದಿಲ್ಲ.

ಸಂಹಿತೆ ಹಾಕಿ, ಅದರ ಹಿಂದೆ ತರಬೇತಿ ಪಡೆದ ಜನರನ್ನು ನಿಲ್ಲಿಸದಿರುವುದು ಸಂಹಿತೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಇಲ್ಲಿ ನನ್ನ ಮಾತಿಗೆ ಬೆಲೆಯಿದೆ ಎಂದು ನಂಬಿ ಬಂದವರನ್ನು ಅದು ನಡುನೀರಿನಲ್ಲಿ ಕೈಬಿಡುತ್ತದೆ.

ದೂರು ನೋಡಿಕೊಳ್ಳುವ ತಂಡ

200 ಜನರ ಕಾರ್ಯಕ್ರಮಕ್ಕೆ ಕನಿಷ್ಠ ನಾಲ್ವರು, ಯಾವಾಗಲೂ ಇಬ್ಬರು ಸರದಿಯಲ್ಲಿ. ನಾಲ್ವರೂ ಒಂದೇ ಲಿಂಗದವರು, ಒಂದೇ ಸಂಸ್ಥೆಯವರು ಆಗಿರಬಾರದು. ವೇದಿಕೆ ನಿರ್ವಹಿಸುವ ಮುಖ್ಯ ಆಯೋಜಕರನ್ನು ಇದಕ್ಕೆ ಹಾಕಬೇಡಿ, ಅವರಿಗೆ ಐದು ನಿಮಿಷವೂ ಪುರಸೊತ್ತಿರುವುದಿಲ್ಲ.

ಒಂದು ಪ್ರತ್ಯೇಕ ಫೋನ್ ಸಂಖ್ಯೆ ಇರಲಿ, ಯಾರದೋ ಸ್ವಂತದ್ದು ಬೇಡ. ಫೋನನ್ನು ಸರದಿಯಲ್ಲಿ ಕೈ ಬದಲಿಸಿ. ನಾಲ್ಕು ತಾಸಿಗೊಮ್ಮೆ ಸಾಕು. ರಾತ್ರಿಯ ಕೂಟ ಮುಗಿದು ಕೊನೆಯವರು ಮನೆ ಸೇರುವವರೆಗೆ ಅದು ಸಜೀವವಾಗಿರಬೇಕು. ಸರದಿಪಟ್ಟಿ ಸಂಜೆ ಆರಕ್ಕೆ ಮುಗಿದು ಸಂಖ್ಯೆಗೆ ಯಾರೂ ದಿಕ್ಕಿಲ್ಲದಂತಾಗುವುದು ಸಾಮಾನ್ಯ ತಪ್ಪು, ತೊಂದರೆಗಳು ಹೆಚ್ಚಾಗಿ ತಲೆಯೆತ್ತುವುದು ಅದೇ ಹೊತ್ತಿನಲ್ಲಿ. ಇಮೇಲ್ ವಿಳಾಸ ಯಾರ ಯಾರಿಗೆ ಹೋಗುತ್ತದೆ ಎಂದು ಹೆಸರು ಹಾಕಿ. ಅವರಲ್ಲೇ ಒಬ್ಬರ ಮೇಲೆ ದೂರಿದ್ದರೆ ಯಾರಿಗೆ ಬರೆಯಬೇಕು ಎಂಬ ಇನ್ನೊಂದು ವಿಳಾಸವನ್ನೂ ಕೊಡಿ. ಎರಡಕ್ಕೂ ಹಿಂದಿನ ದಿನ ಒಂದು ಪರೀಕ್ಷಾ ಸಂದೇಶ ಕಳಿಸಿ ನೋಡಿ.

ತರಬೇತಿಗೆ ಎರಡು ತಾಸು ಸಾಕು, ಆದರೆ ಅಭಿನಯಿಸಿಯೇ ಕಲಿಯಬೇಕು. ಮೂರು ಸನ್ನಿವೇಶ ತೆಗೆದುಕೊಳ್ಳಿ: ಬೇಡವೆಂದವರ ಫೋಟೋ ಆಗಲೇ ಸಾಮಾಜಿಕ ಜಾಲದಲ್ಲಿ ಹೋಗಿದೆ, ಅತಿ ಹೆಚ್ಚು ಹಣ ಕೊಟ್ಟ ಪ್ರಾಯೋಜಕರ ಪ್ರತಿನಿಧಿಯ ಮೇಲೆ ದೂರು ಬಂದಿದೆ, ರಾತ್ರಿ ಹನ್ನೊಂದಕ್ಕೆ ಹೋಟೆಲ್‌ನಿಂದ ಕರೆ ಬಂದಿದೆ, ಯಾರೋ ಕೋಣೆಯ ಬಾಗಿಲು ಬಡಿಯುತ್ತಿದ್ದಾರೆ.

ದೂರು ಬಂದಾಗ, ಹೆಜ್ಜೆ ಹೆಜ್ಜೆಯಾಗಿ

ಮೊದಲು ಸುರಕ್ಷತೆ. "ನಮಗೆ ಹೇಳಿದ್ದು ಒಳ್ಳೆಯದಾಯಿತು. ಈಗ ನಿಮಗೆ ಇಲ್ಲಿ ಭಯವಿಲ್ಲ ತಾನೇ? ಬೇರೆ ಕಡೆ ಕೂತು ಮಾತಾಡೋಣವೇ? ಜೊತೆಗೆ ಯಾರಾದರೂ ಇರಬೇಕೇ?" ಇಷ್ಟು ಸಾಕು. ಗಾಯವಾಗಿದ್ದರೆ, ಜೀವಕ್ಕೆ ಅಪಾಯವಿದ್ದರೆ ಉಳಿದದ್ದೆಲ್ಲ ಆಮೇಲೆ. ತುರ್ತು ಸೇವೆಗೆ ಕರೆ ಮಾಡಿ. ಪೊಲೀಸರ ಬಳಿ ಹೋಗಿ ಎಂದು ಒತ್ತಾಯಿಸಬೇಡಿ, ಹೋಗಬೇಡಿ ಎಂದು ತಡೆಯಲೂ ಬೇಡಿ; ಹೋಗುವುದಾದರೆ ಜೊತೆಗೆ ಒಬ್ಬರನ್ನು ಕಳಿಸಿ. ಅಪ್ರಾಪ್ತ ವಯಸ್ಕರ ವಿಷಯವಾದರೆ ಕಾನೂನಿನ ಪ್ರಕಾರ ತಿಳಿಸಲೇಬೇಕಾದೀತು, ಅದನ್ನು ಮೊದಲೇ ವಿಚಾರಿಸಿಟ್ಟಿರಿ.

ಬಾಯಿಂದ ಬರಬಾರದ ಮಾತುಗಳನ್ನು ತಂಡ ಬಾಯಿಪಾಠ ಮಾಡಿಕೊಂಡಿರಬೇಕು: "ಅವರು ಅಂಥವರಲ್ಲವಲ್ಲ." "ಅವರ ಮಾತೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ." "ಆಗಲೇ ಯಾಕೆ ಹೇಳಲಿಲ್ಲ?" ನಾಲ್ಕನೆಯದು ಕೇಳಲು ಸೌಜನ್ಯದ ಮಾತಿನಂತಿದೆ: "ಅವರಿಗೆ ಏನು ಶಿಕ್ಷೆ ಕೊಡೋಣ, ನೀವೇ ಹೇಳಿ." ಇದು ತೀರ್ಪಿನ ಹೊರೆಯನ್ನು ನೊಂದವರ ತಲೆಗೇ ಕಟ್ಟುವುದು. ಕಾರ್ಯಕ್ರಮದಲ್ಲಿ ಉಳಿಯಲು ತಮಗೇನು ಬೇಕು ಎಂಬುದನ್ನಷ್ಟೇ ಅವರಿಂದ ಕೇಳಿ, ಕ್ರಮದ ತೀರ್ಮಾನ ನಿಮ್ಮದು.

ನಂತರ ಬರೆದುಕೊಳ್ಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾರು, ಏನು ಮಾಡಿದರು, ಏನೆಂದರು (ಆದಷ್ಟು ಅವರದೇ ಮಾತುಗಳಲ್ಲಿ), ಯಾರು ನೋಡಿದರು, ಈಗಲೂ ನಡೆಯುತ್ತಿದೆಯೇ. ಬರೆದದ್ದನ್ನು ಅವರಿಗೆ ಓದಿ ಹೇಳಿ. ಒಂದೇ ಘಟನೆಯನ್ನು ಮೂರು ಜನರ ಮುಂದೆ ಮೂರು ಸಲ ಹೇಳಿಸಬೇಡಿ.

ತಂಡದ ಕನಿಷ್ಠ ಮೂವರು ಸೇರಿ ಚರ್ಚಿಸಿ. ಆರೋಪ ಹೊತ್ತವರ ಗೆಳೆಯರು, ಸಹೋದ್ಯೋಗಿಗಳು ತಂಡದಲ್ಲಿದ್ದರೆ ಹೊರಗುಳಿಯಲಿ. ಬಳಿಕ ಇಬ್ಬರು ಹೋಗಿ ಆರೋಪ ಹೊತ್ತವರನ್ನು ಖಾಸಗಿಯಾಗಿ ಕಾಣಬೇಕು: "ನಮಗೆ ಹೀಗೊಂದು ದೂರು ಬಂದಿದೆ. ನಿಮ್ಮ ಮಾತನ್ನೂ ಕೇಳಬೇಕು." ದೂರು ಕೊಟ್ಟವರ ಹೆಸರು ಹೇಳಬೇಡಿ. ಆದರೆ ಇಬ್ಬರೇ ಇದ್ದಾಗ ನಡೆದ ಘಟನೆಯಾದರೆ ಹೆಸರು ಹೇಳದಿದ್ದರೂ ಗೊತ್ತಾಗುತ್ತದೆ. ಆದ್ದರಿಂದ ಮಾತಾಡಲು ಹೋಗುವ ಮೊದಲೇ ದೂರುದಾರರಿಗೆ ತಿಳಿಸಿ, ಒಪ್ಪಿಗೆ ಪಡೆಯಿರಿ. "ಎದುರುಬದುರು ಕೂತು ಮಾತಾಡಿ ಬಗೆಹರಿಸಿಕೊಳ್ಳಿ", "ಕ್ಷಮೆ ಕೇಳಿಸುತ್ತೇವೆ ಬನ್ನಿ" ಎಂಬ ರಾಜಿ ಪಂಚಾಯಿತಿ ಖಂಡಿತ ಬೇಡ.

ನೀವು ನ್ಯಾಯಾಲಯವಲ್ಲ, ಸಂಶಯಾತೀತ ಸಾಕ್ಷ್ಯ ಬೇಕೆಂದು ಕೂತರೆ ಯಾವ ದೂರೂ ನಿಲ್ಲುವುದಿಲ್ಲ. ಹೀಗೆ ನಡೆದಿರುವ ಸಾಧ್ಯತೆ ಹೆಚ್ಚೇ, ಉಳಿದವರಿಗೆ ಅಪಾಯವಿದೆಯೇ ಎಂಬ ಎರಡು ಪ್ರಶ್ನೆ ಸಾಕು. ತನಿಖೆ ಮುಗಿಯುವವರೆಗೆ ತಾತ್ಕಾಲಿಕ ಹೆಜ್ಜೆ ಇಡಬಹುದು: "ಈ ಮಧ್ಯಾಹ್ನ ನೀವು ಹೊರಗಿರಬೇಕೆಂದು ಕೋರುತ್ತೇವೆ." ಅಂತಿಮ ಕ್ರಮಗಳು ಎಚ್ಚರಿಕೆ ಕೊಡುವುದರಿಂದ ಶುರುವಾಗಿ, ಭಾಷಣ ರದ್ದು, ಹಣ ಹಿಂದಿರುಗಿಸದೆ ಹೊರಗೆ ಕಳಿಸುವುದು, ಮುಂದಿನ ವರ್ಷಗಳಿಗೂ ನಿಷೇಧದವರೆಗೆ ಏರುತ್ತವೆ. ಮುಲಾಜಿಗೆ ಬಿದ್ದು ಹೆಸರುವಾಸಿಗಳಿಗೆ ಮೆಟ್ಟಿಲು ಇಳಿಸಬೇಡಿ. ದೂರುದಾರರಿಗೆ 24 ತಾಸಿನೊಳಗೆ ಏನಾಯಿತೆಂದು ತಿಳಿಸಿ. ಮುಗಿದಿಲ್ಲವಾದರೆ, ಮುಗಿದಿಲ್ಲ ಎಂದಾದರೂ ಹೇಳಿ.

ಭಾಷಣಕಾರರು, ಪರದೆ, ಮೈಕ್

ಪರಿಚಯದವರನ್ನೇ ಕರೆಯುತ್ತ ಹೋದರೆ ವೇದಿಕೆ ವರ್ಷವರ್ಷವೂ ಒಂದೇ ರೀತಿ ಕಾಣುತ್ತದೆ. ಬಹಿರಂಗ ಆಹ್ವಾನ ಕೊಡಿ, ಮೊದಲ ಸುತ್ತಿನ ಆಯ್ಕೆಯನ್ನು ಹೆಸರು ಮರೆಮಾಡಿ ನಡೆಸಿ. ಪ್ರಯಾಣ, ವಸತಿಯ ಖರ್ಚು ನೀವೇ ಕೊಡುತ್ತೀರೆಂಬುದನ್ನು ಆಹ್ವಾನದಲ್ಲೇ ಬರೆಯಿರಿ. "ಬಿಲ್ ಕೊಡಿ, ಆಮೇಲೆ ಕೊಡುತ್ತೇವೆ" ಎನ್ನುವುದು ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಆಹ್ವಾನ ಕೊಟ್ಟಂತೆ. ಟಿಕೆಟ್ ನೀವೇ ಬುಕ್ ಮಾಡಿ. ವೀಸಾ ಬೇಕಾದವರಿಗೆ ಪತ್ರ ಮೂರು ನಾಲ್ಕು ತಿಂಗಳು ಮೊದಲೇ ಕೈಸೇರಬೇಕು. ಐವರ ಗೋಷ್ಠಿಯಲ್ಲಿ ಒಬ್ಬ ಮಹಿಳೆಯನ್ನು ಕೂರಿಸಿ, ಅವರಿಗೆ "ಮಹಿಳೆಯಾಗಿ ನಿಮ್ಮ ಅನುಭವ?" ಎಂಬ ಒಂದೇ ಪ್ರಶ್ನೆ ಕೇಳುವ ಚಾಳಿಯನ್ನು ಗೋಷ್ಠಿ ನಡೆಸುವವರಿಗೆ ಹೇಳಿಯೇ ಬಿಡಿಸಬೇಕು.

ಮೈಕ್ ಎಲ್ಲರಿಗೂ ಕಡ್ಡಾಯ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಶ್ರವಣ ಸಾಧನಕ್ಕೆ ದನಿ ಕಳಿಸುವ ಲೂಪ್ ವ್ಯವಸ್ಥೆ, ಕ್ಯಾಪ್ಶನ್, ಆನ್‌ಲೈನ್ ಪ್ರಸಾರ ಮೂರಕ್ಕೂ ದನಿ ಹೋಗುವುದು ಮೈಕ್‌ನಿಂದಲೇ. ಅವರ ದೊಡ್ಡ ದನಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಸಭೆಯಿಂದ ಬಂದ ಪ್ರಶ್ನೆಗೂ ಮೈಕ್ ಕೊಡಿ, ಆಗದಿದ್ದರೆ ಭಾಷಣಕಾರರು ಪ್ರಶ್ನೆಯನ್ನು ಮತ್ತೊಮ್ಮೆ ಹೇಳಲಿ.

ಕ್ಯಾಪ್ಶನ್‌ಗೆ ಮನುಷ್ಯರೇ ಮೇಲು. ಯಂತ್ರ ಹಾಕುವ ಕ್ಯಾಪ್ಶನ್ ವ್ಯಕ್ತಿಗಳ ಹೆಸರು, ತಾಂತ್ರಿಕ ಪದ, ಎರಡು ಭಾಷೆ ಬೆರೆಸಿದ ಮಾತಿಗೆ ಬಂದಾಗ ಮುಗ್ಗರಿಸುತ್ತದೆ, ಕೆಲವೊಮ್ಮೆ ಅರ್ಥವನ್ನೇ ತಿರುಚುತ್ತದೆ. ಹೆಸರುಗಳ ಮತ್ತು ಪದಗಳ ಪಟ್ಟಿಯನ್ನು, ಸ್ಲೈಡುಗಳನ್ನು ಒಂದು ವಾರ ಮೊದಲು ಟೈಪಿಸುವವರಿಗೆ ಕೊಡಿ. ದನಿಯನ್ನು ಸೌಂಡ್ ಮಿಕ್ಸರ್‌ನಿಂದ ನೇರ ತಂತಿಯಲ್ಲಿ ಕೊಡಿ. ಅಕ್ಷರಗಳು ಪರದೆಯ ಮೇಲ್ಭಾಗದಲ್ಲಿ ಅಥವಾ ಬೇರೆ ಪರದೆಯಲ್ಲಿ ಮೂಡಲಿ, ಕೆಳಭಾಗವನ್ನು ಮುಂದಿನ ಸಾಲಿನವರ ತಲೆಗಳು ಮರೆಮಾಡುತ್ತವೆ.

ಸಂಜ್ಞಾ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲ. ಇಂಗ್ಲಿಷ್ ಒಂದೇ ಆದರೂ ಅಮೆರಿಕದ ಸಂಜ್ಞಾ ಭಾಷೆ ಬೇರೆ, ಬ್ರಿಟನ್ನಿನದು ಬೇರೆ. ಒಂದು ತಾಸು ಮೀರಿದ ಗೋಷ್ಠಿಗೆ ಇಬ್ಬರು ದುಭಾಷಿಗಳು ಬೇಕು. ಸುಮಾರು 20 ನಿಮಿಷಕ್ಕೊಮ್ಮೆ ಅವರು ಸರದಿ ಬದಲಿಸಿಕೊಳ್ಳುತ್ತಾರೆ, ಒಬ್ಬರೇ ಮಾಡಿದರೆ ದಣಿವಿಗೆ ತಪ್ಪುಗಳು ನುಸುಳುತ್ತವೆ. ಸ್ಲೈಡಿಗಾಗಿ ದೀಪ ಆರಿಸುವಾಗ ದುಭಾಷಿಯ ಮೇಲಿನ ದೀಪ ಆರದಂತೆ ನೋಡಿಕೊಳ್ಳಿ. ಇದು ಎಷ್ಟು ಸಲ ತಪ್ಪಿಹೋಗುತ್ತದೆಂದರೆ ಆ ಸ್ವಿಚ್ಚಿಗೆ ಟೇಪು ಅಂಟಿಸಿಡುವುದೇ ವಾಸಿ. ಊಟದ ಹೊತ್ತಿಗೂ ದುಭಾಷಿ ಇರಲಿ, ಪರಿಚಯ ಬೆಳೆಯುವುದು ಅಲ್ಲೇ.

ಸ್ಲೈಡಿಗೆ ಮೂರು ನಿಯಮ ಸಾಕು. ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿ ವ್ಯತ್ಯಾಸ 4.5:1 ಇರಲಿ (ಜಾಲತಾಣಗಳ ಮಾನದಂಡದಲ್ಲಿ ದೊಡ್ಡ ಅಕ್ಷರಕ್ಕೆ 3:1 ಸಾಕು, ಆದರೆ ಪ್ರೊಜೆಕ್ಟರ್ ಬಣ್ಣವನ್ನು ಮಂಕು ಮಾಡುತ್ತದೆ). ಕೆಂಪು–ಹಸಿರಿನಿಂದ ಮಾತ್ರ ವ್ಯತ್ಯಾಸ ತೋರಿಸಬೇಡಿ, ಆ ಎರಡನ್ನು ಸರಿಯಾಗಿ ಬೇರೆ ಮಾಡಿ ಕಾಣಲಾಗದವರು ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿದ್ದಾರೆ. ಇದರ ಮೇಲೆ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ವಿಡಿಯೊ ಹಾಕಬಾರದು, ಕೆಲವರಿಗೆ ಅದು ಮೂರ್ಛೆ ತರಿಸಬಲ್ಲದು. ಪರದೆಯ ಚಿತ್ರದಲ್ಲಿ ಏನಿದೆ ಎಂದು ಒಂದು ಮಾತಿನಲ್ಲಿ ಹೇಳುವಂತೆ ಭಾಷಣಕಾರರನ್ನು ಕೇಳಿಕೊಳ್ಳಿ.

ಪ್ರಶ್ನೋತ್ತರದ ಬಗ್ಗೆ ಒಂದು ಉಪಯುಕ್ತ ಅಧ್ಯಯನವಿದೆ. 10 ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಉಪನ್ಯಾಸಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದದ್ದು. ಸಭೆಯಲ್ಲಿ ಮಹಿಳೆಯರಿದ್ದ ಪ್ರಮಾಣಕ್ಕೆ ಹೋಲಿಸಿದರೆ ಅವರಿಂದ ಬಂದ ಪ್ರಶ್ನೆ ಕಡಿಮೆ, ಮೊದಲ ಪ್ರಶ್ನೆ ಗಂಡಸಿನದಾದಾಗ ಇನ್ನೂ ಕಡಿಮೆ. ಹಾಗಾಗಿ ಮೊದಲೆದ್ದ ಕೈಗೇ ಮೈಕ್ ಕೊಡುವ ರೂಢಿ ಬಿಡಿ. ಭಾಷಣ ಮುಗಿದ ಮೇಲೆ ಎರಡು ನಿಮಿಷ ಪಕ್ಕದವರೊಡನೆ ಮಾತಾಡಲು ಬಿಟ್ಟು, ಆಮೇಲೆ ಪ್ರಶ್ನೆ ಕರೆಯಿರಿ. ಚೀಟಿಯಲ್ಲಿ ಬರೆದು ಕೊಡಲೂ ಅವಕಾಶವಿರಲಿ. "ಪ್ರಶ್ನೆಯಲ್ಲ, ನನ್ನದೊಂದು ಅಭಿಪ್ರಾಯ" ಎಂದು ಶುರುಮಾಡಿದವರನ್ನು ಅರ್ಧ ನಿಮಿಷದಲ್ಲಿ ತಡೆಯುವ ಹಕ್ಕು ಗೋಷ್ಠಿಯ ಅಧ್ಯಕ್ಷರಿಗಿದೆ, ಅದನ್ನು ಬಳಸಲಿ.

ಊಟ, ಕೋಣೆ, ಬ್ಯಾಡ್ಜ್

ಪ್ರತಿ ಪಾತ್ರೆಯ ಮುಂದೆ ಅದರಲ್ಲೇನಿದೆ ಎಂಬ ಚೀಟಿ ಇರಬೇಕು. ಶೇಂಗಾ, ಗೋಡಂಬಿ–ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸೀಗಡಿ–ಏಡಿ, ಗೋಧಿ, ಸೋಯಾ, ಎಳ್ಳು – ಅಲರ್ಜಿಯ ಮುಖ್ಯ ಕಾರಣ ಈ ಒಂಬತ್ತು. ಚೀಟಿ ಸರಿಯಿದ್ದರೂ ಒಂದೇ ಸೌಟು ಎರಡು ಪಾತ್ರೆಗೆ ಹೋದರೆ ಕೆಲಸ ಕೆಟ್ಟಿತು. ತೀವ್ರ ಅಲರ್ಜಿ ಇರುವವರ ತಟ್ಟೆಯನ್ನು ಅಡುಗೆಮನೆಯಲ್ಲೇ ಬೇರೆ ಬಡಿಸಿ, ಮುಚ್ಚಿ, ಹೆಸರು ಬರೆಸಿ. ನಿಂತೇ ಉಣ್ಣುವ ಎತ್ತರದ ಮೇಜುಗಳ ನಡುವೆ ಕೂರುವ ಮೇಜುಗಳೂ ಇರಲಿ. ಮದ್ಯ ಕೊಡುವುದಾದರೆ ಮದ್ಯವಿಲ್ಲದ ಪಾನೀಯವೂ ಅಷ್ಟೇ ಚೆನ್ನಾಗಿ ಅದೇ ಕಟ್ಟೆಯಲ್ಲಿ ಸಿಗಬೇಕು, ಕೂಪನ್ ಮಿತಿ ಮತ್ತು ಮುಗಿಯುವ ಹೊತ್ತು ಗೊತ್ತಿರಬೇಕು. ಪರಿಚಯ ಬೆಳೆಸಲು ಇರುವುದು ಅದೊಂದೇ ಕೂಟ ಎಂದಾಗದಿರಲಿ.

ಒಂದು ನಿಶ್ಶಬ್ದ ಕೋಣೆ: ಮಂದ ಬೆಳಕು, ಫೋನ್ ಮಾತಿಲ್ಲ, ಲ್ಯಾಪ್‌ಟಾಪ್ ಸಭೆಯಿಲ್ಲ. ಎದೆಹಾಲು ಕುಡಿಸುವ, ತೆಗೆದಿಡುವ ಕೋಣೆಗೆ ಒಳಗಿನಿಂದ ಚಿಲಕ, ಒರಗುವ ಕುರ್ಚಿ, ಪ್ಲಗ್, ಹತ್ತಿರದಲ್ಲಿ ಫ್ರಿಜ್ ಬೇಕು. ಶೌಚಾಲಯವನ್ನೇ ಇದಕ್ಕೆ ತೋರಿಸುವುದು ಸಲ್ಲದು. ಸ್ಯಾನಿಟರಿ ಪ್ಯಾಡ್ ಎಲ್ಲ ಶೌಚಾಲಯಗಳಲ್ಲಿ ಇಡಿ, ಲಿಂಗಭೇದವಿಲ್ಲದೆ ಯಾರೂ ಬಳಸಬಹುದಾದದ್ದು ಒಂದಾದರೂ ಇರಲಿ.

ಬ್ಯಾಡ್ಜ್‌ನ ಎರಡೂ ಬದಿಗೆ ಹೆಸರು ಮುದ್ರಿಸಿ, ಅದು ಯಾವಾಗಲೂ ಮಗುಚಿಕೊಂಡೇ ನೇತಾಡುತ್ತದೆ. ಫೋಟೋ ಬೇಡ ಎನ್ನುವವರಿಗೆ ಬೇರೆ ಬಣ್ಣದ ಕೊರಳಪಟ್ಟಿ ಕೊಡಿ. ಬಣ್ಣವೊಂದೇ ಸಾಲದು, ಪಟ್ಟಿಯ ಮೇಲೆ ಗೆರೆಗಳೂ ಇರಲಿ. ಛಾಯಾಗ್ರಾಹಕರಿಗೆ ಇದನ್ನು ಕರಾರಿನಲ್ಲೇ ತಿಳಿಸಿ.

ಆ ದಿನ

ಬಾಗಿಲು ತೆರೆಯುವ ಒಂದು ತಾಸು ಮೊದಲು ಇಡೀ ದಾರಿಯನ್ನು ಮತ್ತೊಮ್ಮೆ ನಡೆಯಿರಿ. ರ‍್ಯಾಂಪಿನ ಬುಡದಲ್ಲಿ ಯಾರೋ ಪೆಟ್ಟಿಗೆ ಇಳಿಸಿರುತ್ತಾರೆ, ದಾರಿಗೆ ಅಡ್ಡಲಾಗಿ ಕೇಬಲ್ ಎಳೆದಿರುತ್ತಾರೆ, ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ.

ಸ್ವಯಂಸೇವಕರಿಗೆ ಅರ್ಧ ತಾಸಿನ ತಿಳಿವಳಿಕೆ ಕೊಡಿ. ಕೇಳದೆ ವೀಲ್‌ಚೇರ್ ತಳ್ಳಬೇಡಿ. ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವರು ಹಿಡಿದು ಬರುತ್ತಾರೆ. ಕಿವುಡರೊಡನೆ ಮಾತಾಡುವಾಗ ದುಭಾಷಿಯನ್ನಲ್ಲ, ಅವರನ್ನೇ ನೋಡಿ. ದೂರು ಕಿವಿಗೆ ಬಿದ್ದರೆ ನೀವೇ ವಿಚಾರಣೆಗಿಳಿಯದೆ ಫೋನ್ ಸಂಖ್ಯೆಗೆ ತಲುಪಿಸಿ.

ಸ್ವಾಗತದ ಹೊತ್ತಿನಲ್ಲಿ ಒಂದೂವರೆ ನಿಮಿಷ: ನಿರ್ಗಮನ ಬಾಗಿಲು, ಶೌಚಾಲಯ, ನಿಶ್ಶಬ್ದ ಕೋಣೆ, ನೀತಿ ಸಂಹಿತೆ. ದೂರು ತಂಡದವರನ್ನು ಎದ್ದು ನಿಲ್ಲಿಸಿ ಮುಖ ತೋರಿಸಿ. ಬಿಡುವಿನ ವೇಳೆಗೆ ಪ್ಯಾಕ್-ಮ್ಯಾನ್ ನಿಯಮವನ್ನೂ ಹೇಳಿಬಿಡಿ: ಗುಂಪಾಗಿ ನಿಂತು ಮಾತಾಡುವಾಗ ಆ ಹೆಸರಿನ ವಿಡಿಯೊ ಗೇಮಿನ ಬಾಯ್ದೆರೆದ ದುಂಡು ಗೊಂಬೆಯಂತೆ ಒಬ್ಬರು ಬಂದು ಸೇರುವಷ್ಟು ಜಾಗ ಬಿಟ್ಟಿರಬೇಕು. ಒಂಟಿಯಾಗಿ ಬಂದವರಿಗೆ ಇದರಷ್ಟು ಅಗ್ಗದ ಉಪಕಾರ ಇನ್ನೊಂದಿಲ್ಲ.

ಆನ್‌ಲೈನ್ ಪ್ರಸಾರವಿದ್ದರೆ ಚಾಟ್ ನೋಡಿಕೊಳ್ಳಲು ಒಬ್ಬರನ್ನು ಬೇರೆ ಕೂರಿಸಿ. ಸಂದೇಶ ಅಳಿಸುವ, ಹೊರಹಾಕುವ ಅಧಿಕಾರ ಅವರಿಗಿರಲಿ, ದೂರವಾಣಿಯಲ್ಲಿ ದೂರು ತಂಡ ಸಿಗುವಂತಿರಲಿ.

ಮುಗಿದ ಮೇಲೆ

ಎರಡು ದಿನದೊಳಗೆ ಹೆಸರು ಕೇಳದ ಅಭಿಪ್ರಾಯ ಪತ್ರ ಕಳಿಸಿ. ನೋಂದಾಯಿಸಿ ಬಾರದವರಿಗೂ, ಅರ್ಧಕ್ಕೆ ಎದ್ದುಹೋದವರಿಗೂ ಕಳಿಸಿ, ಎಲ್ಲಿ ತಪ್ಪಿದ್ದೀರೆಂದು ಹೇಳಬಲ್ಲವರು ಅವರೇ. ಎಷ್ಟು ದೂರು ಬಂದವು, ಯಾವ ಬಗೆಯವು, ಏನು ಕ್ರಮವಾಯಿತು ಎಂಬ ಚಿಕ್ಕ ವರದಿ ಪ್ರಕಟಿಸಿ. ಒಂದೇ ದೂರು ಬಂದ ಸಣ್ಣ ಕಾರ್ಯಕ್ರಮದಲ್ಲಿ ವಿವರ ಹೇಳಿದರೆ ವ್ಯಕ್ತಿಯ ಗುರುತು ಸಿಕ್ಕಿಬಿಡುತ್ತದೆ, ಅಲ್ಲಿ ಮೇಲ್ಮಟ್ಟದಲ್ಲಷ್ಟೇ ಹೇಳಿ. "ಒಂದೂ ದೂರು ಬರಲಿಲ್ಲ" ಎಂದು ಬೀಗುವ ಮುನ್ನ ಫೋನ್ ಸಂಖ್ಯೆ ಜನರಿಗೆ ಗೊತ್ತಿತ್ತೇ ಎಂದು ಅಭಿಪ್ರಾಯ ಪತ್ರದಲ್ಲಿ ಕೇಳಿ ನೋಡಿ.

ಊಟದ, ಆರೋಗ್ಯದ, ಅಂಗವೈಕಲ್ಯದ ಮಾಹಿತಿಯನ್ನು 30 ದಿನದೊಳಗೆ ಅಳಿಸಿ, ಅದರ ಪ್ರತಿಗಳು ಸ್ವಯಂಸೇವಕರ ಫೋನುಗಳಲ್ಲೂ ಉಳಿದಿರಬಹುದು. ದೂರಿನ ದಾಖಲೆ ಮಾತ್ರ ಬೇರೆ: ಅದನ್ನು ಇಬ್ಬರಿಗಷ್ಟೇ ತೆರೆಯಲು ಬರುವ ಕಡೆ ಇಟ್ಟು, ನಿಷೇಧಿತರ ಪಟ್ಟಿಯ ಸಮೇತ ಮುಂದಿನ ವರ್ಷದ ತಂಡಕ್ಕೆ ಕೈಯಾರೆ ಒಪ್ಪಿಸಿ. ತಂಡ ಬದಲಾದಾಗ ಈ ಪಟ್ಟಿ ಕಳೆದುಹೋದರೆ, ಹೋದ ವರ್ಷ ಹೊರಗೆ ಕಳಿಸಿದವರೇ ಈ ವರ್ಷ ಭಾಷಣಕಾರರಾಗಿ ಬಂದು ನಿಲ್ಲುತ್ತಾರೆ.